ಘಟನೆ ಮರೆತರೂ ನೋವು ಉಳಿಯುತ್ತದೆಯೇ?

ಪ್ರಶ್ನೆ: ಮರೆಗುಳಿತನವಿರುವ ನಮ್ಮ ಅಜ್ಜಿಗೆ ಬೆಳಿಗ್ಗೆ ಯಾರೋ ಗದರಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಆದರೂ ಸಂಜೆಯವರೆಗೆ ಅವರ ಮುಖ ಬಾಡಿರುತ್ತದೆ. ಇದು ಹೇಗೆ? ನೆನಪು ಹೋದ ಮೇಲೆ ಸ್ವಭಾವವೂ ಹೋಗುತ್ತದೆಯೇ?

ಉತ್ತರ 1: ನಿಮ್ಮ ಗ್ರಹಿಕೆ ಸರಿಯಾಗಿದೆ. ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ನೆನಪುಗಳನ್ನು ರೂಪಿಸುವ ಮೆದುಳಿನ ಹಿಪೊಕ್ಯಾಂಪಸ್ ಭಾಗಕ್ಕೆ ಹಾನಿಯಾಗಿದ್ದವರು ತಾವು ನೋಡಿದ ದುಃಖದ ದೃಶ್ಯಗಳನ್ನು ಬೇಗನೆ ಮರೆತರೂ ಅವರೊಳಗಿನ ದುಃಖ ಮಾತ್ರ ಉಳಿದಿತ್ತು. 2014ರಲ್ಲಿ, ಮರೆಗುಳಿತನ ತರುವ ಆಲ್‌ಝೈಮರ್ ಕಾಯಿಲೆಯ ರೋಗಿಗಳಲ್ಲಿಯೂ ಇದೇ ಕಂಡುಬಂದಿತು. ಸಂತೋಷವೂ ಹೀಗೆಯೇ ಉಳಿಯುವುದರಿಂದ, ಹೇಗೂ ಮರೆಯುತ್ತಾರೆಂದು ಅಜ್ಜಿಯ ಭೇಟಿಯನ್ನು ತಪ್ಪಿಸುವವರ ವಾದವನ್ನು ನಾನು ಒಪ್ಪುವುದಿಲ್ಲ.

ಉತ್ತರ 2: ಸ್ವಭಾವದ ಕುರಿತು ಅಮೆರಿಕದ ಹೆನ್ರಿ ಮೊಲೈಸನ್ ಅವರ ಪ್ರಕರಣವನ್ನು ನೋಡಬಹುದು. 1953ರಲ್ಲಿ ಅಪಸ್ಮಾರಕ್ಕಾಗಿ ನಡೆದ ಶಸ್ತ್ರಚಿಕಿತ್ಸೆಯ ನಂತರ ಹೊಸ ಘಟನೆಗಳನ್ನು ನೆನಪಿಡಲಾರದೆ 2008ರವರೆಗೆ ಬದುಕಿದ್ದ ಅವರು, ತಮ್ಮನ್ನು ದಶಕಗಳ ಕಾಲ ಪರೀಕ್ಷಿಸಿದ ವಿಜ್ಞಾನಿಗಳನ್ನೂ ಗುರುತಿಸಲಾರದಿದ್ದರೂ ಸೌಮ್ಯ ಹಾಗೂ ವಿನಯಶೀಲರಾಗಿಯೇ ಉಳಿದರು. ಕನ್ನಡಿಯಲ್ಲಿ ನೋಡುತ್ತಾ ಚಿತ್ರ ತಿದ್ದುವುದರಲ್ಲಿ, ಹಿಂದೆ ಅಭ್ಯಾಸ ಮಾಡಿದ್ದೇ ತಿಳಿಯದೆ, ದಿನೇ ದಿನೇ ಪಳಗಿದರು. ಕೌಶಲ, ಸ್ವಭಾವಗಳಿಗೆ ಮೆದುಳಿನ ಬೇರೆ ಭಾಗಗಳ ಆಧಾರವೂ ಇದೆ.

ಉತ್ತರ 3: ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ. ಆಲ್‌ಝೈಮರ್‌ನಲ್ಲಿ ಹಾನಿ ಒಂದೇ ಕಡೆ ನಿಲ್ಲದೆ ಹರಡುವುದರಿಂದ ಸ್ವಭಾವವೂ ಬದಲಾಗಬಹುದು. ಅಂತಹ ಬದಲಾವಣೆ ಹಠಾತ್ತಾಗಿ ಕಂಡರೆ ಸೋಂಕು ಅಥವಾ ಔಷಧದ ಅಡ್ಡಪರಿಣಾಮವೂ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸಿ.