ಸೀಟು ಕೊಟ್ಟರೆ ಸಾಕೇ? ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ ಯಾರು ಸೇರುತ್ತಾರೆ, ಯಾರು ಉಳಿಯುತ್ತಾರೆ

ಧಾರವಾಡದ ಮೇಡಂ:
ನಾನು ಪಾಠ ಮಾಡುವುದು ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ. ಒಟ್ಟು ಸಾವಿರ ಮಕ್ಕಳೂ ಇಲ್ಲ. ಎಲ್ಲ ಥರದ ಮನೆಗಳಿಂದಲೂ ಮಕ್ಕಳು ಬರಬೇಕು ಅಂತ ಮುಂದಿನ ವರ್ಷಕ್ಕೆ ಸ್ವಲ್ಪ ಹಣ ತೆಗೆದಿಟ್ಟಿದ್ದಾರೆ. ಅದನ್ನು ಹೇಗೆ ಖರ್ಚು ಮಾಡಬೇಕು ಅನ್ನುವುದರಲ್ಲಿ ನಮ್ಮೊಳಗೆ ಎರಡು ಗುಂಪಾಗಿದೆ. ಫೀಸು ಮಾಫಿಯ ಸೀಟು ಹೆಚ್ಚಿಸಿ ಅನ್ನುವವರು ಕೆಲವರು. ಈಗಾಗಲೇ ಸೇರಿರುವ ಮಕ್ಕಳು ಮೊದಲ ವರ್ಷ ದಾಟುವ ಹಾಗೆ ನೋಡಿಕೊಳ್ಳಿ ಅನ್ನುವವರು ಇನ್ನು ಕೆಲವರು. ನಾನು ಎರಡನೆಯ ಕಡೆ. ಫೀಸು ಮಾಫಿ ಸಿಕ್ಕಿಯೂ ಮೊದಲ ಸೆಮಿಸ್ಟರ್ ಮುಗಿಸದೆ ಊರಿಗೆ ವಾಪಸ್ ಹೋದ ಮಕ್ಕಳನ್ನು ನೋಡಿದ್ದೇನೆ. ನೀವೇನಂತೀರಿ?

ಕಾನೂನು ಓದುವವ:
ಮೇಡಂ, ಸೀಟಿನ ಪ್ರಶ್ನೆ ಮುಗಿದೇ ಹೋಯ್ತು ಅನ್ನುವ ಹಾಗೆ ಮಾತಾಡಬೇಡಿ. 2005ರಲ್ಲಿ ಇನಾಮದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅನುದಾನ ಪಡೆಯದ ಖಾಸಗಿ ಕಾಲೇಜುಗಳ ಮೇಲೆ ಸರ್ಕಾರ ಮೀಸಲಾತಿ ಹೇರುವಂತಿಲ್ಲ ಎಂದಿತು. ಸಂಸತ್ತು 93ನೇ ತಿದ್ದುಪಡಿ ತಂದು, ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿ ತರಲು ಅವಕಾಶ ಕೊಡುವ 15(5)ನೇ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿತು. 2014ರ ಪ್ರಮತಿ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ದಾರಿ ತೆರೆದಿದೆ, ಆದರೆ ಖಾಸಗಿ ಸಂಸ್ಥೆಗಳಿಗೆ ಕೇಂದ್ರದ ಕಾಯ್ದೆ ಇನ್ನೂ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿಯೇ ಹೇಳಿತು: ದೊಡ್ಡ ಹೆಸರಿನ ಖಾಸಗಿ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಯ ಮಕ್ಕಳು ಶೇ 1ಕ್ಕಿಂತ ಕಡಿಮೆ, ಪರಿಶಿಷ್ಟ ಪಂಗಡದವರು ಅದಕ್ಕಿಂತಲೂ ಕಡಿಮೆ. ಎಸ್‌ಸಿಗೆ ಶೇ 15, ಎಸ್‌ಟಿಗೆ ಶೇ 7.5, ಒಬಿಸಿಗೆ ಶೇ 27 ಮೀಸಲಿಡುವ ಕಾನೂನು ಮಾಡಿ ಅಂತ ಶಿಫಾರಸು ಮಾಡಿತು. ಬಾಗಿಲೊಳಗೆ ಬಂದವರೇ ಇಷ್ಟು ಕಡಿಮೆ ಇರುವಾಗ, ಉಳಿಸಿಕೊಳ್ಳುವ ಮಾತು ಯಾರ ಬಗ್ಗೆ?

ಮೈಸೂರಿನ ಪೋಷಕ:
ಒಂದು ಮಾತು ಹೇಳಲೇಬೇಕು. ನಮ್ಮದು ಸರ್ಕಾರಿ ವಿಶ್ವವಿದ್ಯಾಲಯ ಅಲ್ಲ, ಫೀಸಿನಿಂದಲೇ ನಡೆಯುವ ಜಾಗ. ಹತ್ತು ಸೀಟು ಮಾಫಿ ಆದರೆ ಆ ಹಣ ಉಳಿದ ಮಕ್ಕಳ ಫೀಸಿನಿಂದ ಬರಬೇಕು. ನಾನು ಸಾಲ ಮಾಡಿ ಮಗಳನ್ನು ಓದಿಸುತ್ತಿದ್ದೇನೆ. ಬಡ ಮಕ್ಕಳು ಓದಬಾರದು ಅನ್ನುತ್ತಿಲ್ಲ. ಸರ್ಕಾರ ಮಾಡಬೇಕಾದ ಕೆಲಸವನ್ನು ನನ್ನ ಕಂತಿನ ಮೇಲೆ ಹಾಕಬೇಡಿ, ಅಷ್ಟೇ.

ಕಾನೂನು ಓದುವವ:
ಸರ್, ಖಾಸಗಿ ವಿಶ್ವವಿದ್ಯಾಲಯ ಆಕಾಶದಿಂದ ಬೀಳಲ್ಲ. ಒಂದೊಂದಕ್ಕೂ ವಿಧಾನಮಂಡಲ ಕಾಯ್ದೆ ಮಾಡಿದ ಮೇಲೇ ಪದವಿ ಕೊಡುವ ಅಧಿಕಾರ ಬಂದಿದ್ದು. ಅಧಿಕಾರ ಸಾರ್ವಜನಿಕರದ್ದಾದರೆ ಜವಾಬ್ದಾರಿಯೂ ಇರಬೇಕು ಅಲ್ವಾ?

ದೇವದುರ್ಗದವಳು:
ಇಂಥದೇ ಒಂದು ಕಡೆ ಓದಿ ಮುಗಿಸಿದವಳು ನಾನು. ಸೀಟು ಸಿಕ್ಕಿತ್ತು, ಫೀಸೂ ಮಾಫಿ ಆಗಿತ್ತು. ಆದರೆ ಹಾಸ್ಟೆಲ್ ಡಿಪಾಸಿಟ್ ಮಾಫಿ ಆಗಿರಲಿಲ್ಲ. ಲ್ಯಾಪ್‌ಟಾಪ್ ಇಲ್ಲದೆ ಮೊದಲ ವಾರದಿಂದಲೇ ಅಸೈನ್‌ಮೆಂಟ್ ಕೊಡಲು ಆಗಲಿಲ್ಲ. ಹಬ್ಬಕ್ಕೆ ಮೆಸ್ ಮುಚ್ಚಿದರೆ ಉಳಿದವರು ಸ್ವಿಗ್ಗಿ ತರಿಸುತ್ತಿದ್ದರು, ನಾನು ಬ್ರೆಡ್ ತಂದಿಟ್ಟುಕೊಳ್ಳುತ್ತಿದ್ದೆ. ಅವ್ವನ ತಲೆ ಮೇಲೆ ಮೊದಲೇ ಬೆಳೆ ಸಾಲ ಇರುವಾಗ ಇದನ್ನೆಲ್ಲ ಫೋನಲ್ಲಿ ಹೇಳೋಕೆ ಬಾಯಿ ಬರ್ತಿರಲಿಲ್ಲ.

ಕ್ಲಾಸಿನದು ಇನ್ನೊಂದು ಕಷ್ಟ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ ನಂದು. ಸೆಮಿನಾರ್‌ನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಪಟಪಟ ಮಾತಾಡುವಾಗ ನಾನು ವಾಕ್ಯವನ್ನು ಮನಸ್ಸಲ್ಲೇ ಕಟ್ಟುತ್ತಾ ಕೂತಿರುತ್ತಿದ್ದೆ. ಕಟ್ಟಿ ಮುಗಿಯುವಷ್ಟರಲ್ಲಿ ಚರ್ಚೆ ಮುಂದಕ್ಕೆ ಹೋಗಿರುತ್ತಿತ್ತು. "ಪಾರ್ಟಿಸಿಪೇಶನ್" ಅಂಕ ಹತ್ತಕ್ಕೆ ಎರಡು. ಒಬ್ಬ ಸರ್ ಮಾತ್ರ ಒಂದು ದಿನ, "ಕನ್ನಡದಲ್ಲೇ ಹೇಳಮ್ಮ, ನಾನು ಅವರಿಗೆ ತಿಳಿಸ್ತೀನಿ" ಅಂದರು. ನಾರಾಯಣಪುರ ಅಣೆಕಟ್ಟಿನ ಎಡದಂಡೆ, ಬಲದಂಡೆ ಕಾಲುವೆಗಳ ಕೊನೆಯ ಹೊಲಕ್ಕೆ ನೀರು ಯಾಕೆ ಮುಟ್ಟುವುದಿಲ್ಲ ಅಂತ ಹೇಳಿದೆ. ಅವತ್ತು ಇಡೀ ಕ್ಲಾಸು ಪ್ರಶ್ನೆ ಕೇಳಿತು. ವಿಷಯ ನನಗೆ ಮೊದಲಿಂದಲೂ ಗೊತ್ತಿತ್ತು. ಕೇಳುವವರು ಇರಲಿಲ್ಲ.

ಹೊಳೆನರಸೀಪುರ ಮೇಷ್ಟ್ರು:
ದೇವದುರ್ಗದ ತಂಗೀ, ಓದಿ ಮನಸ್ಸು ಭಾರವಾಯಿತು. ಆದರೂ ಒಂದು ಪ್ರಶ್ನೆ. ಕೆಲಸಕ್ಕೆ ಹೋದ ಮೇಲೆ ಇಂಗ್ಲಿಷು ಬೇಕೇ ಬೇಕಲ್ಲಮ್ಮಾ? ಕ್ಲಾಸಿನಲ್ಲಿ ಕನ್ನಡಕ್ಕೆ ಅವಕಾಶ ಕೊಟ್ಟರೆ ಆಮೇಲೆ ಕಷ್ಟ ಆಗುವುದಿಲ್ಲವಾ?

ದೇವದುರ್ಗದವಳು:
ಬೇಕು ಸರ್. ನಾನು ಈಗ ಕೆಲಸ ಮಾಡುವುದೂ ಇಂಗ್ಲಿಷಿನಲ್ಲೇ. ಕಲಿಯುವುದಕ್ಕೆ ಒಂದು ವರ್ಷ ಕೊಡಿ ಅನ್ನುತ್ತಿದ್ದೇನೆ. ಆ ವರ್ಷ ಅಂಕ ಕಳೆಯುತ್ತಾ ಹೋದರೆ ಕಲಿಯುವ ಧೈರ್ಯವೇ ಹೋಗುತ್ತದೆ. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ 5, ಗ್ರಾಮೀಣರಿಗೆ ಶೇ 15 ಅಂತ ಸೀಟು ಇಡುತ್ತಾರೆ. ಒಳಗೆ ಬಂದ ಮೇಲೆ ಆ ಮಾಧ್ಯಮ ಯಾರಿಗೂ ನೆನಪಿರುವುದಿಲ್ಲ.

ಕಚೇರಿ ಗುಮಾಸ್ತ:
ನಾನು ಇನ್ನೊಂದು ಖಾಸಗಿ ವಿಶ್ವವಿದ್ಯಾಲಯದ ಅಕೌಂಟ್ಸ್‌ನಲ್ಲಿ ಇದ್ದೇನೆ. ಕೌಂಟರ್‌ನಲ್ಲಿ ಪ್ರತಿ ವರ್ಷ ನೋಡುವುದನ್ನು ಹೇಳುತ್ತೇನೆ. ಫೀಸು ಅಡ್ಮಿಶನ್ ಟೈಮಲ್ಲಿ ಕಟ್ಟಬೇಕು. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ ಸ್ಕಾಲರ್‌ಶಿಪ್ ತಿಂಗಳುಗಳ ನಂತರ ಬರುತ್ತದೆ. ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ ಆಗಿಲ್ಲ ಅಂದರೆ ಇನ್ನೂ ತಡ. ಅಷ್ಟರಲ್ಲಿ ಪರೀಕ್ಷೆ ಬರುತ್ತದೆ. ಬಾಕಿ ಇರುವವರ ಹಾಲ್ ಟಿಕೆಟ್ ತಡೆಯಿರಿ ಅಂತ ಮೇಲಿನಿಂದ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಯಾರ ಹೆಸರಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಐಐಟಿ ಧನಬಾದ್ ವಿಷಯ ನೆನಪಿದೆಯಾ? 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗ 17,500 ರೂಪಾಯಿಯನ್ನು ಗಡುವಿನೊಳಗೆ ಕಟ್ಟಲಾಗದೆ ಸೀಟು ಕಳೆದುಕೊಂಡ. ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ಸೀಟು ಕೊಡಿಸಬೇಕಾಯಿತು. ಎಲ್ಲರೂ ದೆಹಲಿಗೆ ಹೋಗೋಕಾಗುತ್ತಾ? ನನ್ನ ಕೇಳಿದರೆ, ಸ್ಕಾಲರ್‌ಶಿಪ್ ಮಂಜೂರಾತಿ ಪತ್ರ ತೋರಿಸಿದವರಿಂದ ಹಣ ಬರುವ ತನಕ ಒಂದು ಪೈಸೆ ಕೇಳಬಾರದು. ವಿಶ್ವವಿದ್ಯಾಲಯಕ್ಕೆ ಇದರಿಂದ ನಷ್ಟ ಇಲ್ಲ, ಹಣ ತಡವಾಗಿ ಬರುತ್ತದೆ ಅಷ್ಟೇ.

ಮೈಸೂರಿನ ಪೋಷಕ:
ಇದು ನನಗೂ ಸರಿ ಕಾಣುತ್ತದೆ. ಆದರೆ ಮಾಫಿ ಸೀಟು ಹೆಚ್ಚಿಸುವ ಮೊದಲು ಲೆಕ್ಕ ತೋರಿಸಲಿ. ಯಾರ ಹಣ, ಎಷ್ಟು, ಎಲ್ಲಿಗೆ ಹೋಯಿತು ಅಂತ.

ಲೂಯಿವಿಲ್ ಕನ್ನಡಿಗ:
ನಾನಿರುವ ಅಮೆರಿಕದ ಕೆಂಟಕಿಯಲ್ಲಿ ಬೆರಿಯಾ ಅಂತ ಒಂದು ಸಣ್ಣ ಖಾಸಗಿ ಕಾಲೇಜಿದೆ. ಸುಮಾರು 1,500 ಮಕ್ಕಳು. 1855ರಲ್ಲಿ, ಗುಲಾಮಗಿರಿ ಇನ್ನೂ ಇದ್ದ ಕಾಲದಲ್ಲಿ, ಅದರ ವಿರೋಧಿಗಳು ಕಟ್ಟಿದ್ದು. ಆಮೇಲೆ ಕಪ್ಪು ಮಕ್ಕಳು, ಬಿಳಿ ಮಕ್ಕಳು, ಗಂಡು ಹೆಣ್ಣು ಎಲ್ಲರೂ ಒಂದೇ ಕಡೆ ಓದಿದರು. 1904ರಲ್ಲಿ ರಾಜ್ಯ ಸರ್ಕಾರ ಒಟ್ಟಿಗೆ ಓದಿಸುವುದನ್ನೇ ನಿಷೇಧಿಸಿ ಕಾನೂನು ತಂದಿತು. ಕಾಲೇಜು ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಿ 1908ರಲ್ಲಿ ಸೋತಿತು. 1950ರಲ್ಲಿ ಕಾನೂನು ಸಡಿಲವಾದಾಗ ಮತ್ತೆ ಬಾಗಿಲು ತೆರೆಯಿತು. ಬೋಧನಾ ಶುಲ್ಕ 1892ರಿಂದ ಯಾರಿಗೂ ಇಲ್ಲ. ದತ್ತಿ ಹಣದಿಂದ ನಡೆಯುತ್ತದೆ. ಪ್ರತಿಯೊಬ್ಬರೂ ವಾರಕ್ಕೆ ಹತ್ತು ಗಂಟೆಯಾದರೂ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುತ್ತಾರೆ. ಫೀಸು ಕಟ್ಟುವ ಮಗು, ಕಟ್ಟದ ಮಗು ಅನ್ನುವ ಗೆರೆಯೇ ಅಲ್ಲಿಲ್ಲ.

ಕಾನೂನು ಓದುವವ:
ಅಷ್ಟು ದತ್ತಿ ಹಣ ನಮ್ಮ ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಇಲ್ಲ ಸರ್. ಗೆರೆ ಬೇಡ ಅನ್ನುವ ಮಾತು ಮಾತ್ರ ಒಪ್ಪಿದೆ. ಇಲ್ಲಿ ಕ್ಲಾಸಿನ ವಾಟ್ಸಾಪ್ ಗುಂಪಿಗೇ "ಸ್ಕಾಲರ್‌ಶಿಪ್ ಮಕ್ಕಳು ಆಫೀಸಿಗೆ ಬನ್ನಿ" ಅಂತ ಹೆಸರು ಸಮೇತ ಹಾಕುತ್ತಾರೆ.

ವ್ಹೀಲ್‌ಚೇರ್ ಓದುಗ:
ನಮ್ಮನ್ನೂ ಸೇರಿಸಿಕೊಂಡು ಮಾತಾಡಿ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ನಿಯಮದಲ್ಲಿದೆ, ಕೊಡುತ್ತಾರೆ. ಪರೀಕ್ಷಾ ಕೊಠಡಿ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಾಲ್ಕು ಜನ ಎತ್ತಿಕೊಂಡು ಹೋಗುತ್ತಾರೆ. ಹಾಗೆ ಹೋಗಿ ಕೂತು ಬರೆಯುವಾಗ ಕೈ ನಡುಗುತ್ತದೆ. ಕೊಠಡಿ ಕೆಳಗೆ ಬದಲಿಸಲು ಹಣವೇ ಬೇಡ.

ಧಾರವಾಡದ ಮೇಡಂ:
ಎಲ್ಲರದೂ ಓದಿದೆ. ಕಾನೂನು ಓದುವವರೇ, ಸೀಟು ಬೇಡ ಅಂತ ನಾನು ಹೇಳಲಿಲ್ಲ. ಒಂದು ಕ್ಲಾಸಿಗೆ ಒಬ್ಬಳನ್ನೇ ಯಾದಗಿರಿಯಿಂದ ತಂದು ಕೂರಿಸಿದರೆ ಆ ಮಗು ಒಂಟಿಯಾಗುತ್ತದೆ. ಅದಕ್ಕೆ ಒಂದೇ ತಾಲ್ಲೂಕಿನಿಂದ ನಾಲ್ಕೈದು ಮಕ್ಕಳನ್ನು ಒಟ್ಟಿಗೆ ತೆಗೆದುಕೊಳ್ಳೋಣ, ಮಾಫಿ ಅಂದರೆ ಡಿಪಾಸಿಟ್, ಮೆಸ್, ಲ್ಯಾಪ್‌ಟಾಪ್ ಎಲ್ಲ ಸೇರಿರಲಿ ಅಂತ ಬರೆದುಕೊಡುತ್ತಿದ್ದೇನೆ. ಸೀಟಿನ ಸಂಖ್ಯೆ ಸ್ವಲ್ಪ ಕಡಿಮೆಯಾದರೂ ಸರಿ.

ಕಾನೂನು ಓದುವವ:
ಸಂಖ್ಯೆ ಕಡಿಮೆ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ ಮೇಡಂ. ಒಳ್ಳೆಯ ಕಾರಣ ಕೊಟ್ಟೇ ಪ್ರತಿ ಸಲ ಕಡಿಮೆ ಮಾಡುತ್ತಾರೆ. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ ನಮೂನೆಯಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಮಕ್ಕಳು ಎಷ್ಟು ಅಂತ ನಿಮ್ಮ ವಿಶ್ವವಿದ್ಯಾಲಯವೂ ತುಂಬಲೇಬೇಕು. ಆ ಅಂಕಿ ನೋಟಿಸ್ ಬೋರ್ಡಿಗೆ ಹಾಕಿಸಿ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಬಿಟ್ಟರು, ಎರಡೂ.

ಕಚೇರಿ ಗುಮಾಸ್ತ:
ಮೇಡಂ, ಆ ನಮೂನೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಇರುತ್ತದೆ. ಬಾಯಿಮಾತಲ್ಲಿ ಕೇಳಬೇಡಿ, ಅರ್ಜಿ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ಹಾಲ್ ಟಿಕೆಟ್ ತಡೆದ ಪಟ್ಟಿಯನ್ನೂ ಜೊತೆಗೇ ಕೇಳಿ.