ಸಂಗೀತ ಕ್ಲಾಸಲ್ಲಿ ಮಕ್ಕಳನ್ನ ಕುಣಿಸಿ ಆಡಿಸಿ ಹಾಡು ಕಲಿಸಿದವರು ಯಾರಾದ್ರೂ ಇದೀರಾ?

ತಂಬೂರಿ_ಶಿವಮೊಗ್ಗ:
ಎಲ್ರಿಗೂ ನಮಸ್ಕಾರ. ಸಂಜೆ ಹೊತ್ತು ಮನೇಲೇ ಕರ್ನಾಟಕ ಸಂಗೀತ ಹೇಳ್ಕೊಡ್ತೀನಿ, ಈ ಬ್ಯಾಚಲ್ಲಿ ಎಲ್ಲಾ ಆರರಿಂದ ಒಂಬತ್ತು ವರ್ಷದ ಮಕ್ಕಳು. ಸರಳೆ, ಜಂಟಿ, ಅಲಂಕಾರ ಅಂತ ಮೊದಲ ಸ್ವರಪಾಠಗಳು ಹೇಗೋ ಮುಗೀತು, ಈಗ ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಅಂದ್ರೆ ಮಕ್ಕಳಿಗೆ ಮೊದ್ಲು ಹೇಳ್ಕೊಡೋ ಪುಟ್ಟ ಹಾಡುಗಳು, ನಡೀತಿದೆ. ಸಾಹಿತ್ಯ ಎಲ್ರಿಗೂ ಬಾಯಿಪಾಠ, ಸ್ವರ ಹಾಡಿ ಅಂದ್ರೆ ಮಾತ್ರ ಆರೋಹಣದಲ್ಲಿ, ಅಂದ್ರೆ ಸ್ವರ ಹತ್ತುವಾಗ, ಅಲ್ಲಿ ಇರಬಾರದ ಗಾಂಧಾರ (ಗ) ತಂದು ತುರುಕ್ತಾರೆ, ಇಷ್ಟು ದಿನ ಮಾಯಾಮಾಳವಗೌಳ ರಾಗದಲ್ಲಿ ಸರಿಗಮ ಸರಿಗಮ ಅಂದು ಅಂದು ನಾಲಿಗೆ ಅದಕ್ಕೇ ಒಗ್ಗೋಗಿದೆ. ಚಕ್ಕಳಮಕ್ಕಳ ಹಾಕ್ಕೊಂಡು ಹತ್ತು ನಿಮಿಷ ಕೂರೋದ್ರೊಳಗೆ ಒಬ್ಬ ಮಲಗಿರ್ತಾನೆ, ಇನ್ನೊಬ್ಳು ಪಕ್ಕದವಳ ಜಡೆ ಬಿಚ್ತಿರ್ತಾಳೆ. ಎದ್ದು ಓಡಾಡ್ಕೊಂಡು ಆಟದ ಥರ ಕಲಿಸೋಣ ಅಂತ ಆಸೆ. ಆದ್ರೆ ಕುಣೀತಾ ಹಾಡಿದ್ರೆ ಶ್ರುತಿ ಹೋಗಲ್ವಾ? ಇನ್ನು ಮಗೂನ ಬಿಡೋಕೆ ಬರೋ ಅಜ್ಜಿ ಒಬ್ರು ಬಾಗಿಲಲ್ಲೇ ಕೂತಿರ್ತಾರೆ, "ಇದೇನಮ್ಮಾ ಡ್ಯಾನ್ಸ್ ಕ್ಲಾಸಾ" ಅಂತ ಕೇಳೇ ಕೇಳ್ತಾರೆ.

ಸಾಲಿ_ಮಾಸ್ತರ:
ಮೇಡಂ ನಮಸ್ಕಾರ್ರಿ. ನಾ ಧಾರವಾಡ ಕಡೆ ಸರಕಾರಿ ಸಾಲ್ಯಾಗ ಅದೇನ್ರಿ. ನಲಿಕಲಿ ಅನ್ನೂ ಆಟದ ಪಾಠದ ಪದ್ಧತಿ 1995ರಾಗ ಎಚ್.ಡಿ. ಕೋಟೆ ತಾಲೂಕಿನ್ಯಾಗ ಸುರು ಆತು, ಅದು ನಮ್ಮ ಕಡೆ ಬಂದಮ್ಯಾಲೆ ಸಣ್ಣ ಹುಡುಗ್ರಿಗೆ ಹಾಡು ಅಂದ್ರ ಎದ್ದು ನಿಂತು ಮೈ ಕೈ ಆಡಿಸಿ ಹಾಡೂದ ಅಂತ ಆಗೇದ, ಕುಂತು ಹಾಡ್ರಿ ಅಂದ್ರ ಅವ್ರಿಗೆ ಶಿಕ್ಷಾ ಕೊಟ್ಟಂಗ. ನಿಮ್ಮ ಕ್ಲಾಸಿಗೆ ಕೋಲಾಟ ಹಚ್ಚಿ ನೋಡ್ರಿ. ಮೊದಲ ಬರೇ ಕೋಲು, ಹೆಜ್ಜಿ, ಹಾಡು ನೀವೊಬ್ರ ಹಾಡ್ರಿ. ಹೆಜ್ಜಿ ಕೂತಮ್ಯಾಲೆ ಅವ್ರು ಕೇಳದ ಬಾಯಿ ಹಚ್ಚತಾರ. ಕಟಗಿ ಕೋಲು ಮಾತ್ರ ಬ್ಯಾಡ್ರಿ, ಬೆರಳು ಜಜ್ಜತಾವ, ರದ್ದಿ ಪೇಪರ್ ಸುತ್ತಿ ಮಾಡ್ರಿ.

ಘಟಂ_ಗಿರಾಕಿ:
ಗಾಂಧಾರದ ಕಾಟಕ್ಕೆ ಕುಂಟೆಬಿಲ್ಲೆ ಮಾಡಿ ಅಕ್ಕ, ನಾನು ಮಾಡಿಸ್ತೀನಿ. ನೆಲದ ಮೇಲೆ ಟೇಪ್ ಅಂಟಿಸಿ ಎಂಟು ಗೆರೆ ಹಾಕಿ, ಒಂದೊಂದು ಗೆರೆ ಒಂದೊಂದು ಸ್ವರದ ಮನೆ, ಸಮ ಸಮ ಹಾಕ್ಬೇಡಿ, ಮಜಾ ಇರೋದೇ ಅಲ್ಲಿ. ಮಾಯಾಮಾಳವಗೌಳದಲ್ಲಿ ಸ್ವರಗಳ ಅಂತರ ಹೆಂಗಿದ್ಯೋ ಹಂಗೇ ಗೇಣು ಲೆಕ್ಕ ಹಿಡೀರಿ: ಸ ಇಂದ ರಿ 1 ಗೇಣು, ರಿ ಇಂದ ಗ 3, ಗ ಇಂದ ಮ 1, ಮ ಇಂದ ಪ 2, ಪ ಇಂದ ದ 1, ದ ಇಂದ ನಿ 3, ನಿ ಇಂದ ಮೇಲಿನ ಸ 1. ಒಟ್ಟು 12 ಗೇಣು, ಹೆಚ್ಚುಕಮ್ಮಿ ಒಂಬತ್ತು ಅಡಿ, ಸಾಮಾನ್ಯ ರೂಮಲ್ಲಿ ಹಿಡಿಸತ್ತೆ. ರಿ ಅನ್ನೋದು ಸ ಪಕ್ಕದಲ್ಲೇ ಅಂಟ್ಕೊಂಡಿದೆ ಅಂತ ಮಕ್ಕಳಿಗೆ ಕಾಲಲ್ಲೇ ಗೊತ್ತಾಗತ್ತೆ, ಎಷ್ಟೋ ಮಕ್ಕಳು ಸಿನಿಮಾ ಹಾಡು ಕೇಳಿ ಕೇಳಿ ರಿ ಎತ್ತಿ ಹಾಡ್ತಾರಲ್ಲ ಅದೂ ಸರಿಹೋಗತ್ತೆ.

ಮಲಹರಿಗೆ ಬಂದಾಗ ನಿ ಮನೆಗೆ ಬೀಗ, ಗ ಮನೆ ಒನ್ ವೇ, ಹತ್ತುವಾಗ ಕಾಲಿಡಂಗಿಲ್ಲ ಇಳಿಯುವಾಗ ಇಡ್ಲೇಬೇಕು. ರಿ ಇಂದ ಮ ಗೆ ನಾಲ್ಕು ಗೇಣು ಹಾರ್ಬೇಕು, ದ ಇಂದ ಸ ಗೂ ಅಷ್ಟೇ, ಆ ಎರಡು ನೆಗೆತಕ್ಕೆ ಜಗಳಾನೇ ಆಡ್ತಾರೆ. ಶ್ರುತಿ ಪ್ರಶ್ನೆಗೆ ಉತ್ರ ಏನಂದ್ರೆ, ಹಾರೋ ಮಗು ಹಾಡಂಗಿಲ್ಲ. ಒಬ್ಬ ನಿಧಾನಕ್ಕೆ ಹಾರ್ತಾನೆ, ಅವನು ಎಲ್ಲಿ ನಿಂತ್ನೋ ಆ ಸ್ವರಾನ ಕೂತೋರು ತಂಬೂರಿ ಶ್ರುತಿಗೆ ಹಿಡೀಬೇಕು. ಹತ್ತುವಾಗ ಗ ತುಳಿದ್ರೆ ಅವನು ಔಟು.

ಸುಮ್ಮನಿರಲಾರೆ:
ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ. ಆಟ ಒಳ್ಳೇದೇ, ಆದ್ರೆ ಪ್ರತಿ ಹಾಡಿಗೂ ಆ್ಯಕ್ಷನ್ ಅಂಟಿಸಿದ್ರೆ ಮಕ್ಕಳಿಗೆ ಆ್ಯಕ್ಷನ್ ನೆನಪಿರತ್ತೆ, ಹಾಡು ಮರೆತೋಗತ್ತೆ, ಕೈ ಕಟ್ಟಿ ನಿಲ್ಸಿದ್ರೆ ಮುಂದಿನ ಸಾಲೇ ಬರಲ್ಲ. ನಮ್ಮ ಪದ್ಧತಿಯಲ್ಲೇ ಚಲನೆ ಇದೆಯಲ್ಲ, ತಾಳ ಅಂದ್ರೆ ಇನ್ನೇನು, ಒಂದು ಘಾತ (ಕೈ ತಟ್ಟೋದು), ಕಿರುಬೆರಳಿಂದ ಎಣಿಕೆ, ಇಷ್ಟು ಸೇರಿ ನಾಲ್ಕೆಣಿಕೆಯ ಲಘು, ಆಮೇಲೆ ಎರಡೆರಡು ಎಣಿಕೆಯ ಎರಡು ದ್ರುತಕ್ಕೆ ತಟ್ಟಿ ಕೈ ಮಗುಚೋದು. ಆದಿ ತಾಳದ ಎಂಟು ಎಣಿಕೆ ಗಟ್ಟಿಯಾಗೋವರೆಗೂ ನಡೆಸಿ, ಕುಣಿಸಿ, ತಪ್ಪಿಲ್ಲ. ಲಯ ಮೈಗೆ ಹತ್ತತ್ತೆ. ಗಮಕ, ಅಂದ್ರೆ ಸ್ವರ ಆಡಿಸಿ ಹಾಡೋದು, ಶುರುವಾದ ದಿನ ಕೂರಿಸಿ, ಏದುಸಿರು ಬಿಡೋ ಮಗು ಕೈಲಿ ಉದ್ದ ಷಡ್ಜ (ಸ) ನಿಲ್ಸೋಕಾಗಲ್ಲ.

ದೂರದೇಶಿ:
ಅಜ್ಜಿಗೆ ಉತ್ರ ಬೇಕಾದ್ರೆ ಜಿನೀವಾದ ಡಾಲ್‌ಕ್ರೋಸ್ ಹೆಸ್ರು ಹೇಳಿ 😄 ಅಲ್ಲಿನ ಸಂಗೀತ ಶಾಲೆಯಲ್ಲಿ ಮೇಷ್ಟ್ರಾಗಿದ್ರು, ನಡಿಗೆ ಕೈಬೀಸಿನಲ್ಲೇ ತಾಳ ಕಲಿಸೋ ಪದ್ಧತಿ ಕಟ್ಟಿ 1915ರಲ್ಲಿ ಅದಕ್ಕೇ ಅಂತ ಸಂಸ್ಥೆ ಮಾಡಿದ್ರು. ಇಲ್ಲಿ ನನ್ನ ಮಗಳ ಸ್ಕೂಲಲ್ಲೂ ಮ್ಯೂಸಿಕ್ ಪೀರಿಯಡ್ ಅಂದ್ರೆ ಮೊದ್ಲು ಬೆಂಚು ಸರಿಸೋದೇ.

ತಂಬೂರಿ_ಶಿವಮೊಗ್ಗ:
ಗೇಣಿನ ಐಡಿಯಾ ಸೂಪರ್ ಸರ್, ನಾಳೇನೇ ಟೇಪ್ ತರಿಸ್ತೀನಿ. ಅಜ್ಜಿಗೆ ಡಾಲ್‌ಕ್ರೋಸ್ ಎಲ್ಲಾ ಬೇಡ, ಅವ್ರನ್ನೇ ಗ ಮನೆ ಹತ್ರ ಅಂಪೈರ್ ಮಾಡಿ ಕೂರಿಸ್ತೀನಿ. ಒಂದು ಡೌಟು, ಗೀತೆ ರೂಪಕ ತಾಳ, ಆರು ಎಣಿಕೆ, ಹೆಜ್ಜೆ ಹೇಗೆ ಹಂಚೋದು?

ಘಟಂ_ಗಿರಾಕಿ:
ದ್ರುತ ಮೊದ್ಲು ಬರತ್ತಲ್ಲ ಅಕ್ಕ, ಅದರ ಎರಡಕ್ಕೆ ನಿಂತಲ್ಲೇ ಒಂದು ಚಪ್ಪಾಳೆ ಒಂದು ಕೈಬೀಸು, ಲಘುವಿನ ನಾಲ್ಕಕ್ಕೆ ನಾಲ್ಕು ಹೆಜ್ಜೆ ಮುಂದೆ. ತಾಳದ ಮುಂದಿನ ಸುತ್ತಲ್ಲಿ (ಆವರ್ತನದಲ್ಲಿ) ಅದೇ ನಾಲ್ಕು ಹಿಂದೆ, ಇಲ್ಲಾಂದ್ರೆ ಎಲ್ಲಾ ಅಡುಗೆಮನೆಗೆ ಹೋಗಿ ಸೇರ್ಕೋತಾರೆ.