ಸಹಾಯ ಬೇಕು: ಈ ನಾಣ್ಯಗಳ ಸ್ಲ್ಯಾಬ್‌ಗಳನ್ನು (ಗ್ರೇಡ್ ಕೊಟ್ಟ ಕಂಪನಿ ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ) ಒಡೆಯಲೋ, ಹಾಗೇ ಇಡಲೋ?

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಸಂಗ್ರಹದಲ್ಲಿ ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿಗಳಿವೆ. ಎಲ್ಲವೂ ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ, ಚೀಟಿಯಲ್ಲಿ 'ಎಂಎಸ್ 66' ಅಂತ ಇದೆ, ಅಂದರೆ 70ಕ್ಕೆ 66, ಚಲಾವಣೆಯಲ್ಲಿ ಸವೆಯದ ನಾಣ್ಯ. ಗ್ರೇಡ್ ಕೊಟ್ಟ ಕಂಪನಿಯ ವೆಬ್‌ಸೈಟೇ ಈಗ ಇಲ್ಲ. ಲೆನ್ಸ್ ಹಿಡಿದು ನೋಡಿದರೆ ರಾಣಿಯ ಉಡುಪಿನ ಹೂ ಕಸೂತಿ ಸವೆದಿದೆ, ಸುತ್ತ ಉಜ್ಜಿ ತೊಳೆದ ಸಣ್ಣ ಗೀರುಗಳು. ಇದು 66 ಆಗೋಕೆ ಸಾಧ್ಯವೇ ಇಲ್ಲ, ಅಲ್ವಾ?

ಒಡೆದರೆ ತೂಕವಾದರೂ ನೋಡಬಹುದು, ಅಸಲಿಯಾದರೆ 11.66 ಗ್ರಾಂ ಹತ್ತಿರ ಬರಬೇಕು. ಆದರೆ ಅಂಚಿಗೆ ಪೆಟ್ಟು ಬಿದ್ದರೆ? ನಾಣ್ಯಕ್ಕೆ ಗ್ರೇಡ್ ಕೊಡುವ ದೊಡ್ಡ ಕಂಪನಿಗಳಾದ ಎನ್‌ಜಿಸಿಗೋ ಪಿಸಿಜಿಎಸ್‌ಗೋ ಕಳಿಸಿದರೆ, ತೊಳೆದ ನಾಣ್ಯಕ್ಕೆ ಅಂಕಿ ಕೊಡದೆ 'ಡೀಟೇಲ್ಸ್' (ಅಸಲಿ, ಆದರೆ ದೋಷವಿದೆ) ಅಂತ ಹಾಕುತ್ತಾರೆ. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇದೇ ಇಸವಿ ಹಾಕಿ ಅಚ್ಚು ಮಾಡಿದ ನಾಣ್ಯ ಇದು, ಅಷ್ಟೇನೂ ಅಪರೂಪವಲ್ಲ; ಕಳಿಸಿದ ಖರ್ಚಾದರೂ ಹುಟ್ಟುತ್ತಾ? ಸುಮ್ನೆ ಆ ಚೀಟಿ ತೋರಿಸಿ ಮಾರಲು ಮನಸ್ಸಿಲ್ಲ. ಬೆಂಗಳೂರಲ್ಲಿ ಕೈಯಲ್ಲಿ ಹಿಡಿದು ನೋಡಿ ಹೇಳುವವರಿದ್ದರೆ ದಯವಿಟ್ಟು ತಿಳಿಸಿ.